ವಿಷಯ: 'ಐವಿ ನ್ಯೂಟ್ರಿಯೆಂಟ್ ಥೆರಪಿ'ಗೆ ಬೋರ್ಡಿನ ಮೇಲೆ ಏನು ಬರೆಯೋಣ? (ಅರ್ಜೆಂಟ್)

ಬಳಗದವರಿಗೆ ನಮಸ್ಕಾರ,

ಬಳ್ಳಾರಿಯಲ್ಲಿ ಒಂದು ಹೊಸ ಕ್ಲಿನಿಕ್‌ಗೆ ಬೋರ್ಡು ಬರೆದುಕೊಡಬೇಕು. ನಾಳೆ ಸಂಜೆ ಪೇಂಟರ್ ಬರುತ್ತಾರೆ. ವಿಟಮಿನ್ ಸಿ, ಬಿ ಗುಂಪಿನ ವಿಟಮಿನ್, ಮೆಗ್ನೀಸಿಯಂ, ಗ್ಲುಟಾಥಯೋನ್, ಎನ್‌ಎಡಿ (ಇವೆರಡೂ ನಮ್ಮ ಜೀವಕೋಶಗಳಲ್ಲೇ ಇರುವ ವಸ್ತುಗಳು), ಇವನ್ನು ಸಲೈನಿನಲ್ಲಿ ಬೆರೆಸಿ ನೇರ ರಕ್ತಕ್ಕೆ ಬಿಡುತ್ತಾರೆ. 'ಅಭಿಧಮನಿ ಪೋಷಕಾಂಶ ಚಿಕಿತ್ಸೆ' ಎಂದು ಬರೆದೆ (ಅಭಿಧಮನಿ ಎಂದರೆ ವೇನ್, ರಕ್ತವನ್ನು ಹೃದಯಕ್ಕೆ ಒಯ್ಯುವ ನಾಳ). ನಮ್ಮ ಅತ್ತೆ ಓದಿ, "ಇದು ಹಾರ್ಟಿನ ಆಪರೇಷನ್ನಾ?" ಎಂದರು. 'ಸೆಲ್ಯುಲಾರ್ ಎನರ್ಜಿ', 'ಆ್ಯಂಟಿ ಏಜಿಂಗ್', 'ಕ್ರಾನಿಕ್ ಇಲ್ನೆಸ್', ಇವಕ್ಕೂ ಕನ್ನಡ ಬೇಕು.

ಕೊಪ್ಪಳದಿಂದ:
ಅಭಿಧಮನಿ ಬಿಡಿ. ಅದು ಪಠ್ಯಪುಸ್ತಕ ಬಿಟ್ಟು ಹೊರಗೆ ಬಂದಿಲ್ಲ. ನಮ್ಮ ಪದ 'ನರ'. ತಮಿಳಿನ ನರಂಬು, ತೆಲುಗಿನ ನರಮು, ಎಲ್ಲ ಒಂದೇ ಬೇರು. ಮನುಷ್ಯ ಎನ್ನುವ ಸಂಸ್ಕೃತದ ನರ ಬೇರೆ, ಬೆರೆಸಬೇಡಿ. ಎನರ್ಜಿ ಎಂದರೆ ಕಸುವು, ಏಜಿಂಗ್ ಎಂದರೆ ಮುಪ್ಪು, ಕ್ರಾನಿಕ್ ಎಂದರೆ ಬಹುದಿನದ ಬೇನೆ. 'ನರದ ಮೂಲಕ ಪೋಷಣೆ' ಎಂದು ಬರೆಯಿರಿ.

ರಾಯಚೂರಿನಿಂದ:
ಸರ್, ಒಪ್ಪುವುದಿಲ್ಲ. ನರ ಎಂದರೆ ನರ್ವ್ ಕೂಡ. ಆ ಬೋರ್ಡು ನೋಡಿ ಲಕ್ವ ಹೊಡೆದವರನ್ನು ಕರೆತರುತ್ತಾರೆ. ನಾನು ವಾರ್ಡಿನಲ್ಲೇ ಕೆಲಸ ಮಾಡಿದವಳು. ಜನ ಹೇಳುವುದು 'ಸಲೈನ್ ಹಚ್ಚಿದರು', 'ಬಾಟ್ಲಿ ಏರಿಸಿದರು'. ಸಲೈನ್ ಹೊರಗಿನದು, ನಿಜ. ಆದರೆ 'ಹಚ್ಚು' ನೋಡಿ! ದೀಪ ಹಚ್ಚುತ್ತೇವೆ, ಎಣ್ಣೆ ಹಚ್ಚುತ್ತೇವೆ, ಮಗುವನ್ನು ಸಾಲಿಗೆ (ಶಾಲೆಗೆ) ಹಚ್ಚುತ್ತೇವೆ, ಫೋನ್ ಹಚ್ಚುತ್ತೇವೆ. ಹೊಸ ವಸ್ತು ಬಂದಾಗ ಕನ್ನಡ ಅದನ್ನು ಒಳಗೆ ಕರೆದುಕೊಳ್ಳುವುದು ಈ ಕ್ರಿಯಾಪದದಿಂದಲೇ.

ಇನ್ನೊಂದು ಮಾತು, ಇದು ಪದಕ್ಕಿಂತ ದೊಡ್ಡದು. 'ಮುಪ್ಪು ತಡೆ' ಎಂದು ದಯವಿಟ್ಟು ಬರೆಯಬೇಡಿ. ಜೀವಕೋಶ ಅನ್ನವನ್ನು ಕಸುವಾಗಿ ಮಾಡಿಕೊಳ್ಳಲು ಎನ್‌ಎಡಿ ಬೇಕು, ಸರಿ. ಅದನ್ನು ಬಾಟ್ಲಿಯಲ್ಲಿ ಹಚ್ಚಿದರೆ ಮುಪ್ಪು ನಿಲ್ಲುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಕರುಳು ಹೀರಿಕೊಳ್ಳದವರಿಗೆ ಈ ದಾರಿ ಬೇಕೇ ಬೇಕು. ಉಳಿದವರಲ್ಲಿ ಜಾಸ್ತಿಯಾದ ವಿಟಮಿನ್ ಸಿ ಮೂತ್ರದಲ್ಲಿ ಹೋಗುತ್ತದೆ. ಜಿ6ಪಿಡಿ (ಕೆಂಪು ರಕ್ತಕಣವನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಇದ್ದವರಿಗೆ ಅದನ್ನೇ ದೊಡ್ಡ ಡೋಸಿನಲ್ಲಿ ಕೊಟ್ಟರೆ ಕೆಂಪು ರಕ್ತಕಣ ಒಡೆಯಬಹುದು. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಗುಣವಾಗುತ್ತದೆ ಎಂದು ಔಷಧಿಯ ಜಾಹೀರಾತು ಹಾಕುವುದನ್ನು 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೇ ತಡೆಯುತ್ತದೆ. 'ಬಹುದಿನದ ಬೇನೆಗೆ' ಎಂದು ಸುಮ್ನೆ ಬರೆದರೂ ಜನ ಹಾಗೇ ಓದಿಕೊಳ್ಳುತ್ತಾರೆ.

ಕೊಪ್ಪಳದಿಂದ:
ಕಾಯ್ದೆ ಬೇರೆ, ಪದ ಬೇರೆ. ಸಲೈನ್, ಬಾಟ್ಲಿ, ವಿಟಮಿನ್ ಎಲ್ಲ ಬಿಟ್ಟುಕೊಂಡರೆ ಕನ್ನಡದ್ದು ಏನು ಉಳಿಯಿತು?

ರಾಯಚೂರಿನಿಂದ:
ನಮ್ಮಿಬ್ಬರ ಊರೂ 1948ರವರೆಗೆ ನಿಜಾಮರ ಸೀಮೆ ಸರ್. ದವಾಖಾನೆ, ತಾಕತ್ತು ಎಲ್ಲ ಹಾಗೆಯೇ ಬಂದವು. ನಿಮ್ಮ 'ಪೋಷಣೆ' ಸಂಸ್ಕೃತದ್ದು. ಅದನ್ನು ಯಾಕೆ ಒಳಗೆ ಬಿಟ್ಟುಕೊಂಡಿರಿ?

ಬಳ್ಳಾರಿಯಿಂದ:
ಇಬ್ಬರಿಗೂ ಧನ್ಯವಾದ. 'ಇಲ್ಲಿ ಸಲೈನ್ ಮೂಲಕ ವಿಟಮಿನ್ ಕೊಡುತ್ತೇವೆ' ಎಂದು ಬರೆದು ಅತ್ತೆಗೆ ತೋರಿಸಿದೆ. "ಓ, ಬಾಟ್ಲಿ ಹಚ್ಚೋದಾ" ಎಂದರು. ಮುಪ್ಪು, ಬೇನೆಯ ಸಾಲು ಬೇಡ ಎಂದು ಡಾಕ್ಟರಿಗೆ ಈಗಲೇ ಫೋನ್ ಹಚ್ಚುತ್ತೇನೆ.