ಆಡಿಟ್ ಆಫೀಸಿನ ಕೆಲಸ: ಚಿಕ್ಕಮ್ಮನಿಗೆ

ಚಿಕ್ಕಮ್ಮ, ಮಂಗಳೂರಿನ ಆಡಿಟ್ ಆಫೀಸಿನವರು ಕಾಸರಗೋಡಿನಲ್ಲಿ ಬ್ರಾಂಚ್ ಮಾಡುತ್ತಾರೆ, ಬಿ.ಕಾಂ ಆದವರನ್ನು ಕರೆದಿದ್ದಾರೆ, ತಂಗಿಯನ್ನು ಕಳಿಸಲಾ, ಬ್ಯಾಂಕ್ ಪರೀಕ್ಷೆಗೇ ಕೂರಿಸಲಾ ಅಂತ ಕೇಳಿದ್ದೀರಿ. ಟೈಪ್ ಮಾಡಿದರೆ ಮುಗಿಯುವುದಿಲ್ಲ, ವಾಯ್ಸ್ ಮೆಸೇಜಿನಲ್ಲಿ ಹೇಳಿಯೇ ಬಿಡುತ್ತೇನೆ.

ಕಳಿಸಿ. ಈ ಕೆಲಸಕ್ಕೆ ನಮ್ಮ ಊರಿನ ಮಕ್ಕಳೇ ಬೇಕು. ಬದಿಯಡ್ಕದ ಅಡಿಕೆ ವ್ಯಾಪಾರಿ ಮಂಗಳೂರಿಗೆ ಒಂದು ಲೋಡು ಕಳಿಸಿದ ಅಂತಿಟ್ಟುಕೊಳ್ಳಿ. ದೂರ ಹೆಚ್ಚಿಲ್ಲ, ಆದರೆ ಗಡಿ ದಾಟಿತಲ್ಲ. ಇವನ ಜಿಎಸ್‌ಟಿ ನಂಬರು ಕೇರಳದ ಕೋಡ್ 32ರಿಂದ ಶುರು, ಅಲ್ಲಿಯವರದ್ದು ಕರ್ನಾಟಕದ 29ರಿಂದ. ಬಿಲ್ಲಿನಲ್ಲಿ 5 ಪರ್ಸೆಂಟ್ ಐಜಿಎಸ್‌ಟಿ, ಅಂದರೆ ರಾಜ್ಯ ದಾಟಿದ ಮಾಲಿನ ಟ್ಯಾಕ್ಸ್, ಹಾಕಬೇಕು. ಅದೇ ಅಡಿಕೆ ಇಲ್ಲೇ ಕೇರಳದೊಳಗಿನ ಕುಂಬಳೆಯವರಿಗೆ ಮಾರಿದರೆ ಆ 5 ಪರ್ಸೆಂಟನ್ನೇ ಎರಡು ಪಾಲು ಮಾಡಿ ಕೇಂದ್ರದ್ದು ಸಿಜಿಎಸ್‌ಟಿ, ರಾಜ್ಯದ್ದು ಎಸ್‌ಜಿಎಸ್‌ಟಿ ಅಂತ ತೋರಿಸಬೇಕು. ತಪ್ಪಿದರೆ ಕೊಂಡವನ ಟ್ಯಾಕ್ಸ್ ಕ್ರೆಡಿಟ್ಟಿಗೆ, ಅಂದರೆ ಕೊಳ್ಳುವಾಗ ಕೊಟ್ಟ ಟ್ಯಾಕ್ಸನ್ನು ತಾನು ಕಟ್ಟುವುದರಲ್ಲಿ ಕಳೆದುಕೊಳ್ಳುವುದಕ್ಕೆ, ತಕರಾರು. ಲೋಡು 50,000 ರೂಪಾಯಿ ದಾಟಿದರೆ ಮಾಲು ಸಾಗಿಸಲು ಆನ್‌ಲೈನಿನಲ್ಲಿ ಮಾಡುವ ಇ-ವೇ ಬಿಲ್ಲೂ ಬೇಕು. ಆ ವ್ಯಾಪಾರಿಯ ಲೆಕ್ಕದ ಪುಸ್ತಕ ಕನ್ನಡದಲ್ಲಿ, ಪಂಚಾಯತಿನ ಕಾಗದ ಮಲಯಾಳದಲ್ಲಿ, ಮಾತು ತುಳುವಿನಲ್ಲಿ. ಬೆಂಗಳೂರಿನಲ್ಲಿ ಕೂತವರು ಎಷ್ಟೇ ಓದಿದ್ದರೂ ಇದನ್ನು ನಿಭಾಯಿಸುವುದು ಕಷ್ಟ. ತಂಗಿಗೆ ಮೂರೂ ಬರುತ್ತದೆ. ಕನ್ನಡ ಮೀಡಿಯಂ ಓದಿದ್ದು ಅಂತ ಅವಳು ಹಿಂಜರಿಯುವುದು ಬೇಡವೇ ಬೇಡ.

ಇಷ್ಟು ವರ್ಷ ನಮ್ಮವರು ಬೆಳಗ್ಗೆ ಮಂಗಳೂರಿನ ಟ್ರೈನು ಹಿಡಿಯಲು ಓಡಿದರು. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಅವರು ಪಟ್ಟ ಪಾಡು ನಿಮಗೂ ಗೊತ್ತು. ಈಗ ಕೆಲಸವೇ ಈಚೆ ಬರುವಾಗ ಬಿಡಬೇಕಾ?

ಆದರೆ ಸೇರುವ ಮೊದಲೇ ಒಂದು ಕೇಳಿ. ಸ್ಟಾಫ್ ಆಗಿಯಾ, ಆರ್ಟಿಕಲ್‌ಶಿಪ್ಪಿಗಾ? ಆರ್ಟಿಕಲ್‌ಶಿಪ್ ಅಂದರೆ ಸಿ.ಎ. ಓದುವವರು ಆಫೀಸಿನಲ್ಲಿ ಮಾಡುವ ತರಬೇತಿ. ಸಂಬಳ ಅಲ್ಲ, ಸ್ಟೈಪೆಂಡ್. ಮೊದಲು 3 ವರ್ಷ ಇತ್ತು, ಈಗ 2 ವರ್ಷ. ಅದಕ್ಕೆ ಸಿ.ಎ.ಯ ನಡುವಿನ ಪರೀಕ್ಷೆ ಇಂಟರ್‌ಮೀಡಿಯೇಟಿನ ಎರಡೂ ಗ್ರೂಪ್ ಪಾಸಾಗಿರಬೇಕು. ತಂಗಿಗೆ ಬಿ.ಕಾಂನಲ್ಲಿ 55 ಪರ್ಸೆಂಟ್ ಇದ್ದರೆ ಮೊದಲ ಪರೀಕ್ಷೆ ಫೌಂಡೇಶನ್ ಬರೆಯದೆ ನೇರ ಇಂಟರ್‌ಮೀಡಿಯೇಟಿಗೆ ಹೋಗಬಹುದು. ಅವಳು ಸ್ಟಾಫ್ ಆಗಿ ಸೇರಿ, ಇಂಟರ್‌ಮೀಡಿಯೇಟಿಗೆ ಓದಲಿ ಅಂತ ನನ್ನ ಆಸೆ.

ಜುಲೈಯಿಂದ ಸೆಪ್ಟೆಂಬರ್ ವರೆಗೆ ರಿಟರ್ನು, ಆಡಿಟ್ ರಿಪೋರ್ಟ್ ಅಂತ ರಾತ್ರಿವರೆಗೂ ಕೂರಬೇಕಾಗುತ್ತದೆ. ಆ ಸೀಸನ್ನಿಗೆ ಮಾತ್ರ ಕರೆದು ಆಮೇಲೆ ಬೇಡ ಅನ್ನುವ ಕಡೆಯೂ ಉಂಟು. ವರ್ಷಪೂರ್ತಿಯ ಕೆಲಸ ಅಂತ ಲೆಟರಿನಲ್ಲೇ ಬರೆಸಿಕೊಳ್ಳಿ. ರಾತ್ರಿ ಮನೆಗೆ ಹೇಗೆ ಬರುವುದು ಅಂತಲೂ ಕೇಳಿ, ಸಂಕೋಚ ಬೇಡ.

ನಾಳೆ ಸಂಜೆ ಅವಳ ಹತ್ತಿರ ಫೋನು ಮಾಡಿಸಿ. ಇಂಟರ್‌ವ್ಯೂಗೆ ಮೊದಲು ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯ ಎಂಟ್ರಿ ನಾನೇ ಕೂತು ಹೇಳಿಕೊಡುತ್ತೇನೆ.