ಓಎಲ್‌ಇಡಿಗೆ ಆಕ್ಸೈಡ್ ಯಾಕೆ ಬೇಕು? ನಮ್ಮ ಗುಂಪಿನ ಪ್ರಶ್ನೋತ್ತರ

ಪ್ರಶ್ನೆ (ಬದಿಯಡ್ಕದಿಂದ): ನಾನು ಎಂಎಸ್ಸಿ ಫಿಸಿಕ್ಸ್ ಮೊದಲ ವರ್ಷ. ಹತ್ತರವರೆಗೆ ಕನ್ನಡ ಮೀಡಿಯಂ. ಸೆಮಿನಾರಿಗೆ ‘ಓಎಲ್‌ಇಡಿಗೆ ಆಕ್ಸೈಡ್ ಸೆಮಿಕಂಡಕ್ಟರ್’ ಅಂತ ವಿಷಯ ಸಿಕ್ಕಿದೆ. ಈ ಟಿವಿ ಪರದೆಗಳಲ್ಲಿ ಬೆಳಕು ಕೊಡುವುದು ಆರ್ಗ್ಯಾನಿಕ್ (ಇಂಗಾಲ ಮೂಲದ) ಪದರ ಅಲ್ವಾ? ಮತ್ತೆ ಆಕ್ಸೈಡಿಗೆ ಅಲ್ಲೇನು ಕೆಲಸ?

ಉತ್ತರ: ನನ್ನ ಊರು ಪೆರ್ಲ, ಕೆಲಸ ಲ್ಯಾಬಿನಲ್ಲಿ ತೆಳು ಪದರ ಹಾಕುವುದು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ಬೆಳಕು ಆರ್ಗ್ಯಾನಿಕ್ ಪದರದ್ದೇ. ಆದರೆ ಒಂದೊಂದು ಪಿಕ್ಸೆಲ್‌ಗೂ ಕರೆಂಟ್ ಅಳೆದು ಕೊಡಲು ಹಿಂದೆ ಒಂದು ಟ್ರಾನ್ಸಿಸ್ಟರ್ ಬೇಕು. ದೊಡ್ಡ ಓಎಲ್‌ಇಡಿ ಟಿವಿಗಳಲ್ಲಿ ಅದು ಐಜಿಝಡ್‌ಒ, ಅಂದರೆ ಇಂಡಿಯಂ, ಗ್ಯಾಲಿಯಂ, ಜಿಂಕ್ ಮೂರೂ ಸೇರಿದ ಆಕ್ಸೈಡ್. ಟೋಕಿಯೊದ ಹಿಡಿಯೊ ಹೊಸೊನೊ ಅವರ ತಂಡ 2004ರಲ್ಲಿ ಇದರ ಟ್ರಾನ್ಸಿಸ್ಟರನ್ನು ಬಗ್ಗುವ ಪ್ಲಾಸ್ಟಿಕ್ ಹಾಳೆಯ ಮೇಲೆ ಮಾಡಿ ತೋರಿಸಿತು.

ಇದರ ಗಮ್ಮತ್ತು ಏನೆಂದರೆ, ಪರಮಾಣುಗಳು ಸಾಲಾಗಿ ನಿಂತಿರಬೇಕೆಂದೇ ಇಲ್ಲ. ಸಿಲಿಕಾನ್ ಮುರಕಲ್ಲಿನ ಗೋಡೆ ಇದ್ದ ಹಾಗೆ, ಕಲ್ಲು ಓರೆಯಾದರೆ ಕೆಲಸ ಕೆಟ್ಟಿತು, ಎಲೆಕ್ಟ್ರಾನ್ ಎಡವುತ್ತದೆ. ಇಂಡಿಯಂನ ಹೊರಗಿನ ಎಸ್ ಆರ್ಬಿಟಲ್ (ಎಲೆಕ್ಟ್ರಾನ್ ಇರುವ ವಲಯ) ದೊಡ್ಡದು, ಗುಂಡಗಿನದು. ಅಂಗಳದಲ್ಲಿ ಸುರಿದ ಅಡಿಕೆ ರಾಶಿ ನೋಡಿ, ಹೇಗೆ ಸುರಿದರೂ ಒಂದಕ್ಕೊಂದು ತಾಗಿಯೇ ಇರುತ್ತದೆ. ಅದೇ ದಾರಿಯಲ್ಲಿ ಎಲೆಕ್ಟ್ರಾನ್ ಓಡುತ್ತದೆ. ಅಮಾರ್ಫಸ್, ಅಂದರೆ ಸಾಲು ತಪ್ಪಿದ ಸಿಲಿಕಾನಿನಲ್ಲಿ ಮೊಬಿಲಿಟಿ (ಎಲೆಕ್ಟ್ರಾನ್ ಎಷ್ಟು ಸಲೀಸಾಗಿ ಓಡುತ್ತದೆ ಎಂಬ ಅಳತೆ, cm²/V·s ಲೆಕ್ಕದಲ್ಲಿ) 1 ದಾಟುವುದೇ ಕಷ್ಟ, ಇಲ್ಲಿ 10ರ ಆಸುಪಾಸು.

ಪ್ರಶ್ನೆ (ಅವರೇ): ಹಾಗಾದರೆ ಇಂಡಿಯಂ ಆಕ್ಸೈಡ್ ಒಂದೇ ಸಾಕಲ್ವಾ? ಗ್ಯಾಲಿಯಂ ಸುಮ್ನೆ ಯಾಕೆ?

ಉತ್ತರ: ಡಿಸೈನ್ ಅನ್ನುವುದು ಅಲ್ಲೇ ಇರುವುದು. ಪದರದಿಂದ ಒಂದು ಆಕ್ಸಿಜನ್ ತಪ್ಪಿಸಿಕೊಂಡರೆ ಎರಡು ಎಲೆಕ್ಟ್ರಾನ್ ಹಿಂದೆ ಉಳಿಯುತ್ತವೆ. ಇಂಥವು ಜಾಸ್ತಿಯಾದರೆ ಟ್ರಾನ್ಸಿಸ್ಟರ್ ಆಫ್ ಆಗುವುದೇ ಇಲ್ಲ. ಗ್ಯಾಲಿಯಂ ಆಕ್ಸಿಜನನ್ನು ಬಿಗಿಯಾಗಿ ಹಿಡಿಯುತ್ತದೆ. ಆದರೆ ಅದನ್ನೂ ಅತಿ ಹಾಕಿದರೆ ಮೊಬಿಲಿಟಿ ಬೀಳುತ್ತದೆ. ನಮ್ಮ ಅರ್ಧ ಜೀವನ ಈ ಪಾಕ ಸರಿ ಮಾಡುವುದರಲ್ಲೇ ಹೋಗುತ್ತದೆ!

ಪ್ರಶ್ನೆ (ಕುಂಬಳೆಯಿಂದ, ಟಿವಿ ರಿಪೇರಿ): ಒಂದು ಹಳೆ ಓಎಲ್‌ಇಡಿ ಪ್ಯಾನಲ್ ಬಂದಿತ್ತು, ಅಂಚಿನಲ್ಲಿ ಕಪ್ಪು ಚುಕ್ಕೆ. ಮಳೆಗಾಲ ಕಳೆದಾಗ ಇನ್ನೂ ಹರಡಿತ್ತು. ಇದೂ ಆಕ್ಸೈಡಿನ ತಪ್ಪಾ?

ಉತ್ತರ: ಪಾಪ, ಇದು ಅದರ ತಪ್ಪಲ್ಲ. ಸೀಲ್ ಬಿಟ್ಟು ತೇವ ಒಳಗೆ ಹೋಗಿರಬೇಕು. ಆರ್ಗ್ಯಾನಿಕ್ ಪದರಕ್ಕೆ ಎಲೆಕ್ಟ್ರಾನ್ ತಳ್ಳಲು ವರ್ಕ್ ಫಂಕ್ಷನ್ (ಎಲೆಕ್ಟ್ರಾನನ್ನು ಹೊರಗೆಳೆಯಲು ಬೇಕಾದ ಶಕ್ತಿ) ಕಡಿಮೆ ಇರುವ ವಸ್ತು ಬೇಕು. ಅಂಥ ಲೋಹಗಳಿಗೆ ನೀರು, ಗಾಳಿ ಎರಡೂ ಆಗುವುದಿಲ್ಲ. ಅಲ್ಲಿ ಕೆಟ್ಟರೆ ಆ ಜಾಗ ಕಪ್ಪು.

ಸೆಮಿನಾರಿನವರು ಇಲ್ಲಿ ಗಮನಿಸಿ, ಆಕ್ಸೈಡಿನ ಎರಡನೇ ಕೆಲಸ ಇಲ್ಲಿದೆ. ಎಲೆಕ್ಟ್ರಾನ್ ಹೋಗಿ ಸೇರಬೇಕಾದ ಆರ್ಗ್ಯಾನಿಕ್ ಮಟ್ಟ ಸುಮಾರು 3 ಇವಿ (ಎಲೆಕ್ಟ್ರಾನ್ ವೋಲ್ಟ್; ಇಲ್ಲಿ ಸಂಖ್ಯೆ ಕಡಿಮೆಯಾದಷ್ಟು ಮಟ್ಟ ಎತ್ತರ). ಪಾರದರ್ಶಕ ಐಟಿಒ (ಇಂಡಿಯಂ ಟಿನ್ ಆಕ್ಸೈಡ್) ಎಲೆಕ್ಟ್ರೋಡ್ 4.7ರ ಸುಮಾರಿಗೆ. ಇಷ್ಟು ಎತ್ತರ ಒಂದೇ ನೆಗೆತಕ್ಕೆ ಆಗುವುದಿಲ್ಲ, ನಡುವೆ ಮೆಟ್ಟಿಲು ಕಟ್ಟಬೇಕು. ಹೊಸೊನೊ ತಂಡವೇ 2017ರಲ್ಲಿ ಎರಡು ಮೆಟ್ಟಿಲು ಕಟ್ಟಿತು. ಒಂದು ಜಿಂಕ್ ಸಿಲಿಕೇಟ್ ಜಾತಿಯದು, ವರ್ಕ್ ಫಂಕ್ಷನ್ 3.5. ಇದರ ಮೊಬಿಲಿಟಿ 1ರಷ್ಟೇ, ಆದರೂ ಆರ್ಗ್ಯಾನಿಕ್ ಪದರಗಳಿಗಿಂತ ಎಷ್ಟೋ ಪಟ್ಟು ಹೆಚ್ಚು, ಹಾಗಾಗಿ ದಪ್ಪ ಹಾಕಿದರೂ ವೋಲ್ಟೇಜ್ ಏರುವುದಿಲ್ಲ. ಇನ್ನೊಂದು ಅಮಾರ್ಫಸ್ ಸಿ12ಎ7 ಎಲೆಕ್ಟ್ರೈಡ್ (ಅಯಾನಿನ ಜಾಗದಲ್ಲಿ ಎಲೆಕ್ಟ್ರಾನ್ ಇರುವ ವಸ್ತು), 3.0. ಹೆಸರು ಕೇಳಿ ಹೆದರಬೇಡಿ, 12 ಪಾಲು ಸುಟ್ಟ ಸುಣ್ಣ, 7 ಪಾಲು ಅಲ್ಯೂಮಿನಾ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ಮಾಡಲು ನಾವು ನೀರಿಗೆ ಹಾಕುತ್ತೇವಲ್ಲ, ಅದೇ ಸುಣ್ಣ.

ಪ್ರಶ್ನೆ (ಬದಿಯಡ್ಕ): ಸುಣ್ಣ ಕರೆಂಟ್ ಹರಿಸುತ್ತದಾ?!

ಉತ್ತರ: ಸಾಮಾನ್ಯವಾಗಿ ಇಲ್ಲ. ಸಿ12ಎ7 ಹರಳಾಗಿದ್ದಾಗ ಅದರೊಳಗೆ ಪುಟ್ಟ ಗೂಡುಗಳಿವೆ, ಕೆಲವು ಗೂಡಲ್ಲಿ ಆಕ್ಸಿಜನ್ ಅಯಾನ್ ಸಡಿಲವಾಗಿ ಕೂತಿರುತ್ತದೆ. ಅದನ್ನು ಹೊರಗೆಳೆದರೆ ಆ ಜಾಗಕ್ಕೆ ಎಲೆಕ್ಟ್ರಾನ್ ಬರುತ್ತದೆ. ಐಜಿಝಡ್‌ಒದಲ್ಲಿ ಆಕ್ಸಿಜನ್ ಹೋಗದಂತೆ ಕಾಯುತ್ತೇವೆ, ಇಲ್ಲಿ ನಾವೇ ಓಡಿಸುತ್ತೇವೆ. ಸೆಮಿನಾರನ್ನು ಇದರಿಂದಲೇ ಶುರು ಮಾಡಿ, ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

(ಕುಂಬಳೆ): ಪ್ಯಾನಲ್ ಹಾಗಾದರೆ ಗುಜರಿಗೇ?

ಉತ್ತರ: ಗುಜರಿಗೇ. ಬೋರ್ಡ್ ತೆಗೆದಿಟ್ಟುಕೊಳ್ಳಿ.