ಅಪ್‌ಡೇಟ್: ಯುವಿಸಿಇ ಎಲೆಕ್ಟ್ರಾನಿಕ್ಸಾ, ಊರ ಹತ್ತಿರದ ಸಿಎಸ್ಸಾ ಅಂತ ಕೇಳಿದ್ದೆ

ಸಿಇಟಿ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಬ್ರಾಂಚ್‌ಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡೋದು) ಹೊತ್ತಲ್ಲಿ ಕೇಳಿದ್ದೆ: ಬೆಂಗಳೂರಿನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಯುವಿಸಿಇಯ ಎಲೆಕ್ಟ್ರಾನಿಕ್ಸ್ ಮೇಲೆ ಹಾಕಲಾ, ಊರ ಹತ್ತಿರದ ಖಾಸಗಿ ಕಾಲೇಜಿನ ಕಂಪ್ಯೂಟರ್ ಸೈನ್ಸಾ? ಜಾಸ್ತಿ ಜನ ಯುವಿಸಿಇ ಅಂದಿರಿ. ಅದನ್ನೇ ಮೇಲೆ ಹಾಕಿದೆ.

ಅಣಕು ಹಂಚಿಕೆಯಲ್ಲಿ ಖಾಸಗಿ ಕಾಲೇಜು ಬಂತು. ಅಪ್ಪನಿಗೆ ಖುಷಿಯೋ ಖುಷಿ. "ಪಟ್ಟಿಯಲ್ಲಿ ಇದನ್ನೇ ಮೇಲೆ ತಗೊಂಡ್ಬಿಡು" ಅಂದರು. ನಾನು ಪಟ್ಟಿ ಮುಟ್ಟಲಿಲ್ಲ. ಅಣಕು ಹಂಚಿಕೆ ಸುಮ್ನೆ ಅಂದಾಜು, ಸೀಟಲ್ಲ. ಮೊದಲ ಸುತ್ತಲ್ಲೂ ಅದೇ ಬಂದಾಗ ಚಾಯ್ಸ್ 2 ಕೊಟ್ಟೆ. ಅಂದರೆ ಈ ಸೀಟು ಕೈಯಲ್ಲಿರಲಿ, ಮೇಲಿನದು ಸಿಕ್ಕರೆ ಅದಕ್ಕೆ ಹೋಗುತ್ತೇನೆ ಅಂತ. ಒಂದು ಮಾತು: ಮೇಲಿನದು ಸಿಕ್ಕಿದರೆ ಹಳೇ ಸೀಟು ತಾನಾಗಿ ಹೋಗುತ್ತದೆ. ಹಾಗಾಗಿ ನಿಜಕ್ಕೂ ಬೇಕಾದ ಕಾಲೇಜುಗಳನ್ನು ಮಾತ್ರ ಮೇಲಿಡಿ. ಎರಡನೇ ಸುತ್ತಲ್ಲಿ ನನಗೆ ಯುವಿಸಿಇ ಬಂತು.

ಕಾಲೇಜು ಕೆ.ಆರ್. ಸರ್ಕಲ್‌ನಲ್ಲಿದೆ. 1917ರಲ್ಲಿ ವಿಶ್ವೇಶ್ವರಯ್ಯನವರು ಶುರು ಮಾಡಿಸಿದ್ದು. ಮೆಟ್ರೋ ಇಳಿದು ನಡೆದರೆ ಆಯ್ತು. ಫೀಸು ಕಡಿಮೆ ನಿಜ, ಆದರೆ ಉಳಿದ ದುಡ್ಡೆಲ್ಲ ಪಿಜಿ ಬಾಡಿಗೆಗೆ ಹೋಗುತ್ತಿದೆ. ಆ ಪಿಜಿ ಸಾಂಬಾರಿನ ಬಗ್ಗೆ ಮಾತಾಡದಿರೋದೇ ಒಳ್ಳೇದು!

ಬ್ರಾಂಚ್ ಬಗ್ಗೆ ಇದ್ದ ಭಯ ಲ್ಯಾಬಲ್ಲಿ ಹೋಯಿತು. ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಸರ್ಕ್ಯೂಟ್ ಜೋಡಿಸೋ ಹಲಗೆ) ಮೇಲೆ ಎಲ್‌ಇಡಿ ಹತ್ತಲೇ ಇಲ್ಲ. ಪಕ್ಕದ ಬೆಂಚಿನವಳು ಬಗ್ಗಿ ನೋಡಿ, ಎಲ್‌ಇಡಿ ಕಿತ್ತು ಅದರ ಎರಡು ಕಾಲು ಅದಲುಬದಲು ಮಾಡಿ ಚುಚ್ಚಿದಳು. ಹತ್ತಿತು. ಈಗ ಇಬ್ಬರೂ ಸಂಜೆ ಪೈಥಾನ್ ಕಲಿಯುತ್ತಿದ್ದೇವೆ. ಸಿಎಸ್ ಸಿಗಲಿಲ್ಲ ಅಂತ ಕೋಡಿಂಗ್ ಬಿಡಬೇಕಿಲ್ಲ, ಅಲ್ವಾ?

ಅಪ್ಪ ಮಾತ್ರ ಈಗಲೂ ನೆಂಟರ ಹತ್ತಿರ "ಮಗಳು ಕಂಪ್ಯೂಟರ್ ಓದ್ತಿದಾಳೆ" ಅಂತಲೇ ಹೇಳುತ್ತಾರೆ.